“ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ” ಎನ್ನುವ ಮುಂಚೆ: ಹೆತ್ತವರಿಗೊಂದು ಬಹಿರಂಗ ಪತ್ರ

ಪ್ರೀತಿಯ ತಂದೆ ತಾಯಂದಿರೆ,

ಮಳೆಗಾಲದ ಒಂದಲ್ಲ ಒಂದು ಸಂಜೆ ನಿಮ್ಮ ಮಗನೋ ಮಗಳೋ ಶಾಲೆಯಿಂದ ಬರುವಾಗ ಸ್ವೆಟರಿನೊಳಗೆ ಬೆಕ್ಕಿನ ಮರಿಯೊಂದನ್ನು ಮುಚ್ಚಿಟ್ಟುಕೊಂಡು ಬಾಗಿಲಿಗೆ ಬಂದು ನಿಲ್ಲಬಹುದು. ಮರಿಯ ಕಣ್ಣು ಗೀಜಿನಿಂದ ಅಂಟಿಕೊಂಡಿರುತ್ತದೆ, ಮೂಗು ಸೋರುತ್ತಿರುತ್ತದೆ, ಕೂಗಲು ಬಾಯಿ ತೆರೆದರೂ ದನಿ ಹೊರಡುವುದಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ ಎಂಬ ಮಾತು ಆಗ ತಾನಾಗಿ ನಾಲಿಗೆಗೆ ಬರುತ್ತದೆ. ಆ ಮಾತು ಆಡುವ ಮುಂಚೆ ಹತ್ತು ನಿಮಿಷ ಈ ಪತ್ರಕ್ಕೆ ಕೊಡಿ ಎಂಬುದು ನನ್ನ ಕೋರಿಕೆ.

ನಿಮ್ಮ ಹಿಂಜರಿಕೆಗೆ ಕಾರಣಗಳಿವೆ. ಬಾಡಿಗೆ ಮನೆ, ಮಾಲೀಕರು ಒಪ್ಪುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗುವಿಗೆ ರೋಗ ಅಂಟೀತು, ಮರಿ ಸತ್ತರೆ ಮಗು ಅತ್ತು ಅತ್ತು ಜ್ವರ ಬರಿಸಿಕೊಂಡೀತು. ಇವು ಯಾವುವೂ ನೆಪಗಳಲ್ಲ. ಆದ್ದರಿಂದಲೇ, ಮರಿಯನ್ನು ಸಾಕಲೇಬೇಕು ಎಂದು ಈ ಪತ್ರ ಒತ್ತಾಯಿಸುವುದಿಲ್ಲ. ಅದನ್ನು ಬದುಕಿಸುವ ಕೆಲಸವನ್ನು ಮಗುವಿನ ಮೇಲೆ ಬಿಡದೆ ದೊಡ್ಡವರಾದ ನೀವು ಕೈಗೆತ್ತಿಕೊಳ್ಳಿ ಎಂದು ಕೇಳುತ್ತದೆ. ಪ್ರೀತಿ ಮಕ್ಕಳ ಬಳಿ ಧಾರಾಳವಾಗಿದೆ. ಆದರೆ ಬೀದಿಯಿಂದ ಎತ್ತಿ ತಂದ ಎಷ್ಟೋ ಮರಿಗಳು ಪ್ರೀತಿ ಸಿಕ್ಕಿಯೂ ಸಾಯುತ್ತವೆ, ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದೆ.

ಮೊದಲು, ಆ ಮರಿಯನ್ನು ಎತ್ತಬೇಕಿತ್ತೇ ಎಂಬುದನ್ನು ನೋಡಬೇಕು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಅಜ್ಜಿಯಂದಿರು ಹೇಳುವುದರಲ್ಲಿ ಲೆಕ್ಕ ಹೆಚ್ಚುಕಡಿಮೆಯಾದರೂ ವಿಷಯ ನಿಜ. ಜಾಗ ಸರಿಯಿಲ್ಲ ಅನಿಸಿದರೆ ತಾಯಿ ಬೆಕ್ಕು ಮರಿಗಳ ಕತ್ತಿನ ಹಿಂದಿನ ಚರ್ಮವನ್ನು ಬಾಯಲ್ಲಿ ಹಿಡಿದು ಒಂದೊಂದಾಗಿ ಸಾಗಿಸುತ್ತದೆ. ಆಗ ಮರಿ ಮೈ ಸಡಿಲ ಬಿಟ್ಟು, ಹಿಂಗಾಲು ಮುದುರಿಕೊಂಡು ತೂಗಾಡುತ್ತದೆ. ಶ್ರೀವೈಷ್ಣವ ಆಚಾರ್ಯರು ಶರಣಾಗತಿಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯವೆಂದು ಕರೆದದ್ದು ಇದನ್ನೇ. ಹೀಗೆ ಸಾಗಿಸುವ ನಡುವೆ ಒಂದು ಮರಿ ಸ್ವಲ್ಪ ಹೊತ್ತು ಒಂಟಿಯಾಗಿರುವುದು ಸಹಜ. ಮೈ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ನಿದ್ದೆ ಮಾಡುತ್ತಿರುವ ಮರಿಯಾದರೆ ದೂರದಿಂದ ಕೆಲವು ಗಂಟೆ ಗಮನಿಸಿ. ಸುತ್ತ ಜನ ನಿಂತಿದ್ದರೆ ತಾಯಿ ಹತ್ತಿರ ಸುಳಿಯುವುದಿಲ್ಲ. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎಂಬ ನಂಬಿಕೆಯಲ್ಲಿ ಹುರುಳಿಲ್ಲ, ಎತ್ತಿದ ಮರಿಯನ್ನು ಅದೇ ಜಾಗದಲ್ಲಿ ಇಟ್ಟು ಕಾಯಬಹುದು. ಆದರೆ ಒದ್ದೆಯಾಗಿ ಮೈ ತಣ್ಣಗಾದ, ಕಣ್ಣು ಅಂಟಿದ, ನೊಣ ಮುತ್ತಿದ ಮರಿಗೆ ಕಾಯುವಷ್ಟು ಸಮಯ ಇರುವುದಿಲ್ಲ.

ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಸಿಕ್ಕಿದ್ದು ಅಂಥವೇ. ಆಗ ಅವಳು ಆರನೇ ತರಗತಿ. ಜುಲೈ ತಿಂಗಳ ಮಳೆ. ಕಿರಾಣಿ ಅಂಗಡಿಯ ಮುಂದಿನ ಚರಂಡಿ ಚಪ್ಪಡಿಯ ಕೆಳಗೆ ಎರಡು ಮರಿಗಳು, ಒಂದು ಕಪ್ಪು ಬಿಳಿ, ಇನ್ನೊಂದು ಕಪ್ಪು, ಕಂದು, ಬಿಳಿ ಮೂರೂ ಬೆರೆತದ್ದು. ಹಿಂದಿನ ದಿನದಿಂದ ತಾಯಿ ಕಾಣಿಸಿಲ್ಲ ಎಂದು ಅಂಗಡಿಯವರು ಹೇಳಿದರಂತೆ. ಹುಡುಗಿ ಎರಡನ್ನೂ ತಂದಳು. ಅವಳ ತಾಯಿ ಬಾಗಿಲಲ್ಲೇ ತಡೆದು ನಿಂತರು. ಅಜ್ಜಿ ಒಳಗಿನಿಂದ ಹಾಲು ಕಾಯಿಸಿ, ಮೊಮ್ಮಗಳಿಗೆ ಕುಡಿಸುತ್ತಿದ್ದ ಹಳೆಯ ಬೆಳ್ಳಿ ಒಳಲೆಯನ್ನು ಹುಡುಕಿ ತಂದರು. ಒಬ್ಬರದು ಬೇಡವೆಂಬ ಹಟ, ಇನ್ನೊಬ್ಬರದು ಕರುಣೆ. ಆ ಹೊತ್ತಿನಲ್ಲಿ ಮರಿಗೆ ಎರಡರಿಂದಲೂ ಅಪಾಯವಿತ್ತು.

ಹಾಲಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಅನಾಹುತ ಆಗುವುದು ಇಲ್ಲಿಯೇ. ಹಾಲು ಕಂಡರೆ ಓಡುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಮಕ್ಕಳನ್ನು ಇಂದಿಗೂ ನಗಿಸುತ್ತದೆಂದರೆ ಬೆಕ್ಕಿಗೂ ಹಾಲಿಗೂ ಇರುವ ನಂಟು ನಮ್ಮ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿದೆ. ಆದರೆ ತಾಯಿ ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡರಷ್ಟು ಪ್ರೋಟೀನ್ ಇರುತ್ತದೆ, ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲು ಕುಡಿದ ಎಳೆಯ ಮರಿಗೆ ಭೇದಿ ಹತ್ತುತ್ತದೆ. ಅಂಗೈಯಷ್ಟು ಮೈಯಿಂದ ಅಷ್ಟು ನೀರು ಹೋದರೆ ಉಳಿಯುವುದು ಕಷ್ಟ. ಇನ್ನು ಒಳಲೆ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಕುಡಿಸಿದಂತೆ ಮರಿಗೆ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಾಯಿಯ ಮೊಲೆ ಕುಡಿಯುವಾಗ ಹೇಗೆ ಹೊಟ್ಟೆಯ ಮೇಲೆ ಮಲಗಿರುತ್ತದೋ ಹಾಗೇ ಇರಿಸಿ, ತಲೆ ತುಸು ಎತ್ತಿದಂತೆ ಹಿಡಿದು, ಸಣ್ಣ ಬಾಟಲಿಯಿಂದಲೋ ಸೂಜಿ ತೆಗೆದ ಸಿರಿಂಜಿನಿಂದಲೋ ತೊಟ್ಟು ತೊಟ್ಟಾಗಿ ಕೊಡಬೇಕು. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ.

ಅದಕ್ಕೂ ಮುಂಚೆ ಶಾಖ. ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸಿಕೊಳ್ಳುವುದಿಲ್ಲ. ಹುಟ್ಟಿದ ಮೊದಲ ಮೂರು ನಾಲ್ಕು ವಾರ ಮರಿಗಳಿಗೆ ತಮ್ಮ ಮೈಯ ಬಿಸಿಯನ್ನು ಕಾಪಾಡಿಕೊಳ್ಳಲು ಸರಿಯಾಗಿ ಬರುವುದಿಲ್ಲ, ತಾಯಿಯ ಮತ್ತು ಒಡಹುಟ್ಟಿದವುಗಳ ಬಿಸಿಯೇ ಅವುಗಳ ಬಿಸಿ. ರಟ್ಟಿನ ಡಬ್ಬದಲ್ಲಿ ಹಳೆಯ ಟವೆಲ್ ಹಾಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಅತ್ತ ಸರಿಯಲಿ. ಒದ್ದೆ ಮೈ ಒರೆಸಿ. ಮರಿಯ ಬಾಯೊಳಗೆ ಕಿರುಬೆರಳಿಟ್ಟರೆ ಬೆಚ್ಚಗೆ ತಾಗಬೇಕು, ಆಮೇಲೆ ಆಹಾರ.

ಆ ಹುಡುಗಿಯ ಮನೆಯಲ್ಲಿ ಅಂದು ರಾತ್ರಿ ಅಕ್ಕಪಕ್ಕದವರೆಲ್ಲ ಸೇರಿ ಮಾಡಿದ್ದು ಇಷ್ಟನ್ನೇ. ಬೆಳಗಾಗುವಷ್ಟರಲ್ಲಿ ಕಪ್ಪು ಬಿಳಿ ಮರಿ ಸತ್ತಿತ್ತು. ಎಲ್ಲೋ ಓಡಿಹೋಯಿತು ಎಂದು ಮಗಳಿಗೆ ಹೇಳಿಬಿಡೋಣವೆಂದು ತಂದೆ ಅಂದರು. ತಾಯಿ ಒಪ್ಪಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿ ಮಗಳ ಜತೆಗೇ ಹಿತ್ತಲಲ್ಲಿ ಹೂಳಿದರು. ಹುಡುಗಿ ಅತ್ತಳು, ಶಾಲೆಗೆ ಹೋಗಲಿಲ್ಲ. ಹಿಂದಿನ ಸಂಜೆ ಬಾಗಿಲಲ್ಲಿ ತಡೆದು ನಿಂತಿದ್ದ ಅದೇ ತಾಯಿ ಆ ದಿನ ಕಚೇರಿಗೆ ರಜೆ ಹಾಕಿ, ಉಳಿದ ಮರಿಯನ್ನೂ ಮಗಳನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದರು.

ವೈದ್ಯರು ಮೊದಲು ಮರಿಯ ಬಾಯಿ ತೆರೆದು ಹಲ್ಲು ನೋಡಿದರು. ಹಾಲುಹಲ್ಲು ಮೂಡುವುದು ಮೂರು ನಾಲ್ಕನೇ ವಾರದಲ್ಲಿ. ಬಾಯಿ ನೋಡಿ ಐದು ವಾರದ ಮರಿ ಎಂದರು. ತಕ್ಕಡಿ ತೋರಿಸಿದ್ದು 310 ಗ್ರಾಂ. ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಹೆಚ್ಚುಕಡಿಮೆ ಇನ್ನು 100 ಗ್ರಾಂ ಏರುತ್ತಾ ಹೋಗಬೇಕು, ಐದು ವಾರಕ್ಕೆ ಅರ್ಧ ಕಿಲೋ ದಾಟಬೇಕು. ಭುಜಗಳ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಕೆಳಗಿಳಿಯದೆ ಹಾಗೇ ನಿಂತಿತು. ಮೈಯಲ್ಲಿ ನೀರಿಲ್ಲದ ಲಕ್ಷಣ. ಒಸಡು ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು. ಸೀರಣಿಗೆಯಲ್ಲಿ ಬೆನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಹುಡುಗಿಗೆ ತೋರಿಸಿದರು. ನೋಡುತ್ತಿದ್ದಂತೆ ಪುಡಿಯ ಸುತ್ತ ಕೆಂಪು ಹರಡಿತು. ಚಿಗಟಗಳು ಕುಡಿದು ಹಾಕಿದ ರಕ್ತ ಅದು. ದೊಡ್ಡ ಬೆಕ್ಕಿಗೆ ತುರಿಕೆ ತರಿಸುವ ಚಿಗಟ ಇಷ್ಟು ಸಣ್ಣ ಮರಿಯ ರಕ್ತ ಹೀರಿ ಕೊಂದೇ ಬಿಡಬಲ್ಲದು. ಚರ್ಮದ ಅಡಿಗೆ ಸಲೈನ್ ಕೊಟ್ಟರು, ಜಂತುಹುಳಕ್ಕೆ ಔಷಧ, ಕಣ್ಣಿಗೆ ಮುಲಾಮು.

ಮೂರು ಬಣ್ಣದ್ದಾದ್ದರಿಂದ ಹೆಣ್ಣು ಮರಿಯೇ ಇರಬೇಕೆಂದು ವೈದ್ಯರು ಬಾಲ ಎತ್ತಿ ನೋಡುವ ಮುಂಚೆಯೇ ಹೇಳಿದ್ದು ಹುಡುಗಿಗೆ ಪವಾಡದಂತೆ ಕಂಡಿತು. ಕಂದು ಬಣ್ಣವನ್ನು ನಿರ್ಧರಿಸುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಕಪ್ಪೂ ಕಂದೂ ಒಟ್ಟಿಗೆ ಬರಬೇಕಾದರೆ ಸಾಮಾನ್ಯವಾಗಿ ಎರಡು ಎಕ್ಸ್ ಬೇಕು. ಕೆಲವು ವರ್ಷ ಬಿಟ್ಟು ಅವಳು ಜೀವಶಾಸ್ತ್ರದಲ್ಲಿ ಓದಬೇಕಾದದ್ದು ಅಂದೇ ಮೇಜಿನ ಮೇಲೆ ಕೂತಿತ್ತು.

ಕಣ್ಣಿನ ಕೆಲಸ ಮನೆಯವರದು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು. ಉಗುರುಬೆಚ್ಚಗಿನ ಆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅಂಟಿದ ರೆಪ್ಪೆಯ ಮೇಲೆ ಹಾಗೇ ಇಟ್ಟು ಕಾಯಬೇಕು, ಎಳೆಯಬಾರದು. ಹಳದಿ ಹಕ್ಕಳೆ ಮೆತ್ತಗಾಗಿ, ಮೂಗಿನ ಕಡೆಯ ಮೂಲೆಯಿಂದ ಕೀವು ಇಳಿದು, ರೆಪ್ಪೆಗಳು ನಿಧಾನಕ್ಕೆ ಬೇರೆಯಾಗುತ್ತವೆ. ಪ್ರತಿ ಕಣ್ಣಿಗೆ ಬೇರೆ ಹತ್ತಿ. ಬೀದಿ ಮರಿಗಳ ಈ ಕಣ್ಣುಬೇನೆ, ಸೀನು, ನೆಗಡಿಗೆ ಬಹುಪಾಲು ಕಾರಣ ಬೆಕ್ಕುಗಳ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು. ಮನುಷ್ಯರಿಗೆ ಇವು ಅಂಟುವುದಿಲ್ಲ. ಮೂಗು ಕಟ್ಟಿದ ಮರಿಗೆ ವಾಸನೆ ಗೊತ್ತಾಗದು, ವಾಸನೆ ಗೊತ್ತಾಗದಿದ್ದರೆ ಬೆಕ್ಕು ಊಟ ಮುಟ್ಟುವುದಿಲ್ಲ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿ ಮರಿಯನ್ನು ಸ್ವಲ್ಪ ಹೊತ್ತು ಅಲ್ಲಿ ಹಿಡಿದುಕೊಂಡು ಕೂತರೆ ಮೂಗು ಬಿಡುತ್ತದೆ, ಊಟವನ್ನು ತುಸು ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ. ಪಕ್ಕದ ಮನೆಯ ಮರಿ ತಾನಾಗಿ ತಟ್ಟೆ ನೆಕ್ಕಿದ್ದು ಹೀಗೆ ಆವಿ ಕುಡಿದು ಬಂದ ಒಂದು ಬೆಳಿಗ್ಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ತೂಗಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಹುಡುಗಿಯದಾಯಿತು. ತೂಕ ನಿಂತರೆ ಅಥವಾ ಇಳಿದರೆ ಮತ್ತೆ ವೈದ್ಯರಲ್ಲಿಗೆ ಎಂಬುದು ಮನೆಯವರು ಮಾಡಿಕೊಂಡ ನಿಯಮ.

ನಿಮಗೆ ಸಿಗುವ ಮರಿ ಇನ್ನೂ ಎಳೆಯದಾದರೆ, ಕಣ್ಣೇ ಬಿಟ್ಟಿರದಿದ್ದರೆ, ಕೆಲಸ ಹೆಚ್ಚು. ಕಣ್ಣು ತೆರೆಯುವುದು ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ. ಅಲ್ಲಿಯವರೆಗೆ ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ ಸೇರಿ. ಪ್ರತಿ ಸಲ ಹಾಲಾದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ, ಬಾಲದ ಬುಡದಲ್ಲಿ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿ ಮಾಡುವ ಈ ಕೆಲಸವನ್ನು ಯಾರೂ ಮಾಡದಿದ್ದರೆ ಮರಿಗೆ ಮಲಮೂತ್ರ ಹೋಗುವುದೇ ಇಲ್ಲ. ಇದನ್ನು ಹತ್ತು ವರ್ಷದ ಮಗು ಒಂಟಿಯಾಗಿ ಮಾಡಲಾರದು.

ಮನೆಮದ್ದಿನ ವಿಷಯದಲ್ಲಿ ದಯವಿಟ್ಟು ಬಿಗಿಯಾಗಿರಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲುತ್ತದೆ. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ. ನೆಲ ಒರೆಸುವ ಫಿನಾಯಿಲ್ ಕೂಡ. ಒದ್ದೆ ನೆಲದಲ್ಲಿ ನಡೆದು ಮರಿ ಪಾದ ನೆಕ್ಕುತ್ತದೆ. ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಹನಿ ಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ದು ಮರಿಯ ಕಣ್ಣಲ್ಲಿ ಹುಣ್ಣಿದ್ದರೆ ಕಣ್ಣೇ ಹೋಗಬಹುದು.

ಸಸ್ಯಾಹಾರಿ ಮನೆಗಳ ತಂದೆ ತಾಯಂದಿರಿಗೆ ಒಂದು ಮಾತು. ಆ ಹುಡುಗಿಯ ಮನೆಯೂ ಸಸ್ಯಾಹಾರಿಯೇ. ನಮ್ಮ ಹಳೆಯ ಮನೆಗಳಲ್ಲಿ ಬೆಕ್ಕು ಮೊಸರನ್ನ ತಿಂದೇ ಬದುಕಿತ್ತು ಎಂಬುದು ಅರ್ಧ ನಿಜ. ಅಟ್ಟದ ಇಲಿ, ಗೋಡೆಯ ಹಲ್ಲಿ, ಹಿತ್ತಲ ಹಕ್ಕಿ ಅದರ ನಿಜವಾದ ಊಟ. ಮಾಂಸದಲ್ಲಿರುವ ಟೌರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕಣ್ಣಿನ ಅಕ್ಷಿಪಟ ಹಾಳಾಗುವುದೂ ಇದೇ ಕೊರತೆಯಿಂದ. ಮೂರನೇ ಮಹಡಿಯ ಫ್ಲಾಟಿನೊಳಗೆ ಇಲಿ ಹಲ್ಲಿ ಸಿಗದ ಮರಿಗೆ ಮೊಸರನ್ನ ಮಾತ್ರ ಹಾಕುವುದು ಅದನ್ನು ಕಾಯಿಲೆಗೆ ದೂಡಿದಂತೆ. ಮರಿಗಳಿಗೆಂದು ಸಿಗುವ ಒಣ ಆಹಾರದ ಪೊಟ್ಟಣದಲ್ಲಿ ಟೌರಿನ್ ಸೇರಿಸಿರುತ್ತಾರೆ. ಮಾಂಸ ಮುಟ್ಟದ ಆ ಮನೆಯ ಅಜ್ಜಿ ಹಿತ್ತಲ ಜಗಲಿಯಲ್ಲಿ ಬೇರೆ ತಟ್ಟೆಯಿಟ್ಟು, ನೆನೆಸಿದ ಆ ಕಾಳುಗಳನ್ನು ತಾವೇ ಹಾಕುತ್ತಿದ್ದರು. ಬೇರೆ ಮನೆಗಳಲ್ಲೂ ಇಂಥದೊಂದು ಜಾಗ ಹೊಂದಿಸಿಕೊಳ್ಳಬಹುದು.

ಇನ್ನು ರೋಗದ ಭಯ. ಪರಚಿದರೆ, ಕಚ್ಚಿದರೆ ತಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ರೇಬೀಸ್ ಬಂದ ಮೇಲೆ ಚಿಕಿತ್ಸೆಯಿಲ್ಲ, ಬರದಂತೆ ತಡೆಯುವ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಚರ್ಮದೊಳಗೆ ಕೊಡುವ ಈ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ತಪ್ಪದೆ ಪೂರೈಸಬೇಕು. ಮರಿಯ ಕೂದಲು ಉದುರಿದ ಜಾಗದಿಂದ ಮಕ್ಕಳಿಗೆ ಹುಳುಕಡ್ಡಿ ಹತ್ತಬಹುದು, ಮುಲಾಮಿಗೆ ಅದು ಗುಣವಾಗುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಓಡಿಸುವ ಅಗತ್ಯವಿಲ್ಲ, ಬೆಕ್ಕಿನ ಮಲದ ಟ್ರೇಯನ್ನು ಬೇರೆಯವರು ದಿನವೂ ತೆಗೆದರಾಯಿತು. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಮಲದಲ್ಲಿದ್ದರೂ ಸೋಂಕು ತರುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಎರಡು ವಾರವಾದರೂ ಬೇರೆ ಕೋಣೆಯಲ್ಲಿಡಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಮರಿಗಳನ್ನು ಒಂದೆರಡು ದಿನದಲ್ಲೇ ಕೊಂಡೊಯ್ಯುತ್ತದೆ, ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಅದಕ್ಕೂ ಬೆಕ್ಕಿನ ನೆಗಡಿಗೂ ಸೇರಿಸಿ ಕೊಡುವ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗುತ್ತದೆ, ರೇಬೀಸ್ ಲಸಿಕೆ ಮೂರನೇ ತಿಂಗಳಿಗೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಚರಂಡಿಯಲ್ಲಿ ಮರಿ ಸಿಕ್ಕಿತೆಂದರೆ ಬಹಳ ಸಲ ಅದನ್ನು ಯಾರೋ ತಂದು ಬಿಟ್ಟಿರುತ್ತಾರೆ. ಮನೆಯ ಬೆಕ್ಕು ಮರಿ ಹಾಕಿದಾಗ ಅವುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಮೀನು ಮಾರುಕಟ್ಟೆಯ ಬಳಿಯೋ ಹೋಟೆಲಿನ ಹಿಂದೆಯೋ ಸುರಿದು ಬರುವುದು ನಮ್ಮ ಊರುಗಳಲ್ಲಿ ತಪ್ಪೆಂದೇ ಅನಿಸದಷ್ಟು ರೂಢಿಯಾಗಿದೆ. ಹೇಗೋ ಬದುಕಿಕೊಳ್ಳುತ್ತವೆ ಎನ್ನುತ್ತಾರೆ. ಕಣ್ಣು ಅಂಟಿದ ಐದು ವಾರದ ಮರಿ ಬದುಕಿಕೊಳ್ಳುವುದಿಲ್ಲ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಕಾನೂನಿಗಿಂತ ಮೊದಲು ಲೆಕ್ಕ ನೋಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಒಂಬತ್ತು ವಾರ, ಮರಿಗಳು ಮೊಲೆ ಬಿಡುವ ಮುಂಚೆಯೇ ಮತ್ತೆ ಗಬ್ಬವಾಗಬಹುದು. ಒಂದು ಬೆಕ್ಕಿಗೆ ಸಂತಾನಹರಣ ಆಪರೇಶನ್ ಮಾಡಿಸಿದರೆ ಬರುವ ವರ್ಷಗಳ ಎಷ್ಟು ಗೋಣಿಚೀಲಗಳು ಉಳಿಯುತ್ತವೆ ಎಂಬುದು ನಿಮಗೇ ತಿಳಿಯುತ್ತದೆ. ಒಂದು ಸಲವಾದರೂ ಮರಿ ಹಾಕಲಿ, ಪಾಪ ಎನ್ನುವವರಿದ್ದಾರೆ. ಹಾಗೆ ಮರಿ ಹಾಕುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಪಕ್ಕದ ಮನೆಯವರು ತಮ್ಮ ಮೂರು ಬಣ್ಣದ ಬೆಕ್ಕಿಗೆ ಸಮಯಕ್ಕೆ ಸರಿಯಾಗಿ ಆಪರೇಶನ್ ಮಾಡಿಸಿದರು. ಅದರ ಎಡಗಣ್ಣಿನಲ್ಲಿ ಬಿಳಿ ಪೊರೆ ಉಳಿದಿದೆ, ಚಳಿಗಾಲದಲ್ಲಿ ಆಗಾಗ ಸೀನು ಮರುಕಳಿಸುತ್ತದೆ. ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರೆ ಮೈಯಲ್ಲಿ ಅಡಗಿಕೊಂಡೇ ಇರುತ್ತದೆ. ಕಾಂಪೌಂಡ್ ಗೋಡೆ ಹಾರಲು, ಅಜ್ಜಿಯ ಪೂಜೆಯ ಹೂಬುಟ್ಟಿಯಲ್ಲಿ ಮಲಗಲು ಒಂದು ಕಣ್ಣು ಸಾಕಾಗಿದೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮಗು ಮರಿ ತಂದ ಸಂಜೆ ಬಯ್ಯಬೇಡಿ, ಮೊದಲು ಡಬ್ಬ, ಟವೆಲ್, ಬಿಸಿನೀರಿನ ಬಾಟಲಿ ಹೊಂದಿಸಿ. ಮಾರನೆಯ ಬೆಳಿಗ್ಗೆ ಪಶುವೈದ್ಯರಿಗೆ ತೋರಿಸಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಾಕಲು ಆಗದಿದ್ದರೆ ಗುಣವಾಗುವವರೆಗೆ ಇಟ್ಟುಕೊಂಡು, ಲಸಿಕೆ ಹಾಕಿಸಿ, ಆಪರೇಶನ್ ಮಾಡಿಸುವುದಾಗಿ ಮಾತು ಕೊಡುವ ಮನೆಗೆ ಕೊಡಿ. ಪ್ರಾಣಿದಯಾ ಸಂಸ್ಥೆಗಳನ್ನು ಕೇಳಿ, ಆದರೆ ಎಲ್ಲ ಮರಿಗಳಿಗೂ ಜಾಗ ಮಾಡಿಕೊಡುವುದು ಯಾವ ಸಂಸ್ಥೆಗೂ ಆಗದ ಮಾತು ಎಂಬುದು ನೆನಪಿರಲಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಮುಂದಿನ ಸಭೆಯಲ್ಲಿ ಆವರಣದ ಬೆಕ್ಕುಗಳಿಗೆಲ್ಲ ಒಟ್ಟಾಗಿ ಆಪರೇಶನ್ ಮಾಡಿಸುವ ವಿಷಯ ಎತ್ತಿ. ಹಂಚಿಕೊಂಡರೆ ಖರ್ಚು ಒಂದೊಂದು ಮನೆಗೆ ಹೊರೆಯಾಗದು. ನಿಮ್ಮ ಮನೆಯ ಬೆಕ್ಕಿಗೆ ಇನ್ನೂ ಮಾಡಿಸಿಲ್ಲವಾದರೆ ಈ ತಿಂಗಳೇ ದಿನ ಗೊತ್ತುಮಾಡಿ. ಎಷ್ಟು ಮಾಡಿದರೂ ಮರಿ ಉಳಿಯದಿದ್ದರೆ ಮಗುವಿಗೆ ನಿಜ ಹೇಳಿ, ಅಳಲು ಬಿಡಿ, ಜತೆಗಿರಿ.

ಅನುಭವವಿರುವ ಮನೆಗಳು ತಮ್ಮ ಬೀದಿಯ ಇತರ ಹೆತ್ತವರಿಗೆ ಇದನ್ನೆಲ್ಲ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಪಕ್ಕದ ಮನೆಯವಳು
ಶಿವಮೊಗ್ಗ